ಸುಭದ್ರಾಬಾಯಿಯ ಮುಖ ಮಸುಕಾದ ಮಳೆಗಾಲ

ಹೋದ ವಾರ ನೆಂಟರ ಮನೆಯ ಮದುವೆ ಮಾತುಕತೆಗೆಂದು ಹುಮನಾಬಾದಿಗೆ ಹೋಗಿದ್ದೆ. ಬಸ್ಸಿನಿಂದ ಇಳಿಯುವುದಕ್ಕೂ ಮಳೆ ಹಿಡಿಯುವುದಕ್ಕೂ ಸರಿಹೋಯಿತು. ಕೊಡೆ ಮನೆಯಲ್ಲೇ ಉಳಿದಿತ್ತು. ಓಡಿ ಹೋಗಿ ಯಾವುದೋ ಒಂದು ಖಾಸಗಿ ದವಾಖಾನೆಯ ಮೆಟ್ಟಿಲು ಹತ್ತಿ ನಿಂತೆ. ಕೆಸರುಗಾಲು ಒರೆಸಿಕೊಳ್ಳಲು ಬಾಗಿಲಲ್ಲಿ ಗೋಣಿಚೀಲ ಹಾಸಿದ್ದರು, ಅದು ತೊಯ್ದು ತೊಪ್ಪೆಯಾಗಿತ್ತು. ಆ ಗೋಣಿಯ ಮುಗ್ಗಲು ವಾಸನೆ, ಒಳಗಿನ ಫಿನಾಯಿಲಿನ ವಾಸನೆ, ಎರಡೂ ಕೂಡಿ ಮೂಗಿಗೆ ಬಡಿದದ್ದೇ ತಡ, ಎಲ್ಲಿಗೆ ಹೊರಟಿದ್ದೆ ಎಂಬುದೇ ಒಂದು ಗಳಿಗೆ ಮರೆತುಹೋಯಿತು. ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲ ನೆನಪಾಯಿತು. ಆ ಮಳೆಗಾಲವಿಡೀ ನಾನು ಬಸವಕಲ್ಯಾಣಕ್ಕೂ ಹುಮನಾಬಾದಿಗೂ ಓಡಾಡಿದ್ದೆ. ಓಡಾಡಿ ಏನು ಸಾಧಿಸಿದಿ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನನ್ನ ಹತ್ತಿರ ನೆಟ್ಟಗಿನ ಉತ್ತರವಿಲ್ಲ.

ನಾನು ಬಸವಕಲ್ಯಾಣದಲ್ಲಿ ವೈದ್ಯ. ಆ ವರ್ಷ ಸುತ್ತಲಿನ ವೈದ್ಯರೆಲ್ಲ ಸೇರಿ ಕಟ್ಟಿಕೊಂಡಿದ್ದ ಸಣ್ಣ ಸಂಘಕ್ಕೆ ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದ್ದರು. ಅಧ್ಯಕ್ಷ ಎಂದರೆ ಭಾರಿ ಏನೋ ಎಂದುಕೊಳ್ಳಬೇಡಿ. ಸಭೆಗೆ ಚಹಾ ಚೂಡಾ ತರಿಸುವವನು, ಯಾರಾದರೂ ತೀರಿಕೊಂಡರೆ ಎರಡು ಮಾತು ಆಡುವವನು, ಅಷ್ಟೇ. ಬೇರೆ ಯಾರೂ ಒಪ್ಪಲಿಲ್ಲ, ನನಗೆ ಬೇಡ ಎನ್ನಲು ಬರಲಿಲ್ಲ.

ಮಿರಗದ ಮಳೆ, ಅಂದರೆ ಮೃಗಶಿರಾ ಮಳೆ, ಆ ವರ್ಷ ಹೊತ್ತಿಗೆ ಸರಿಯಾಗಿ ಬಂತು. ಊರು ಊರೇ ಸೋಯಾ, ಉದ್ದು, ತೊಗರಿ ಬಿತ್ತಲು ಹೊಲಕ್ಕೆ ಹೋಯಿತು. ಬಿತ್ತನೆಯ ದಿನಗಳಲ್ಲಿ ನಮ್ಮ ಕಡೆ ಯಾರಿಗೂ ಕಾಯಿಲೆ ಬರುವುದಿಲ್ಲ. ಬಂದರೂ ಅದನ್ನು ಕೇಳುವಷ್ಟು ಪುರುಸೊತ್ತು ಯಾರಿಗಿರುತ್ತದೆ? ದವಾಖಾನೆಗಳು ಖಾಲಿ ಹೊಡೆಯುತ್ತಿದ್ದವು. ನಾನು ಪೇಪರ್ ಓದುತ್ತ ಕುಳಿತರೆ, ಹುಮನಾಬಾದಿನಲ್ಲಿ ರುಕ್ಸಾನಾ ರೀಲು ಮಾಡುತ್ತಿದ್ದಳು.

ಡಾಕ್ಟರ್ ರುಕ್ಸಾನಾ ನನ್ನ ಕಣ್ಣ ಮುಂದೆ ಬೆಳೆದ ಹುಡುಗಿ. ಆಕೆಯ ಅಪ್ಪ ಹುಮನಾಬಾದಿನ ಟೇಲರ್, ನನ್ನ ಮದುವೆಯ ಸೂಟು ಹೊಲಿದವನು. ಕಲಿತು ಬಂದು ಊರಲ್ಲೇ ದವಾಖಾನೆ ಹಾಕಿದಳು. ಕೈಗುಣ ಚಲೋ, ಬಾಯಿ ಅದಕ್ಕಿಂತ ಚಲೋ. ಸಕ್ಕರೆ ಕಾಯಿಲೆಗೆ ಏನು ತಿನ್ನಬೇಕು, ಬಾಣಂತಿಗೆ ನೀರು ಯಾಕೆ ಕೊಡಬೇಕು ಎಂಬುದನ್ನೆಲ್ಲ ಒಮ್ಮೆ ಕನ್ನಡದಲ್ಲಿ, ಒಮ್ಮೆ ನಮ್ಮ ಕಡೆಯ ಉರ್ದುವಿನಲ್ಲಿ, ನಗುನಗುತ್ತ ಫೋನಿನ ಮುಂದೆ ಹೇಳುತ್ತಿದ್ದಳು. ನನ್ನ ಹೆಂಡತಿ ಶಾರದಾ ಅವನ್ನು ಒಂದೂ ಬಿಡುತ್ತಿರಲಿಲ್ಲ.

"ನಿಮ್ಮಕಿಂತ ಛಂದ್ ಹೇಳ್ತಾಳ್ರೀ ಆಕಿ. ನೀವು ಪೇಶಂಟಿಗಿ ಬರೇ ಬೈತೀರಿ" ಎನ್ನುತ್ತಿದ್ದಳು.

"ನಾ ಬೈದ್ರ ಫುಕಟ್ ಬೈತೀನಿ. ಲೈಕ್ ಕೇಳಂಗಿಲ್ಲ" ಎಂದು ನಾನು ಪೇಪರ್ ತಿರುವುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಆಕೆಯ ರೀಲುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಓಡಿದ್ದು ಸುಭದ್ರಾಬಾಯಿಯದು. ಸುಭದ್ರಾಬಾಯಿ ಮನ್ನಾಏಖೇಳ್ಳಿಯವಳು. ನಮ್ಮ ಕಡೆ ಹೆಂಗಸರಿಗೆ ಗೌರವದಿಂದ ಬಾಯಿ ಎನ್ನುತ್ತೇವೆ. ಹೆದ್ದಾರಿಯ ಪಕ್ಕದಲ್ಲಿ ತಗಡಿನ ಚಪ್ಪರ ಹಾಕಿಕೊಂಡು ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ಬಿಸಿ ರೊಟ್ಟಿ ಖಾನಾವಳಿಗಳಿಗೆ, ಖಡಕ್ ರೊಟ್ಟಿ ಮದುವೆ ಮುಂಜಿಗಳಿಗೆ. ಕಾಲಿನ ಹೆಬ್ಬೆರಳ ಹತ್ತಿರ ಒಂದು ಗಾಯವಾಗಿ, ಅದಕ್ಕೆ ಯಾವುದೋ ಸೊಪ್ಪು ಅರೆದು ಕಟ್ಟಿ, ಗಾಯ ಕೊಳೆತು, ಕಾಲು ಕತ್ತರಿಸುವ ಮಾತು ಬಂದಾಗ ಯಾರೋ ರುಕ್ಸಾನಾಳ ಹತ್ತಿರ ಕರೆತಂದರು. ನೋಡಿದರೆ ಮೈಯಲ್ಲಿ ಸಕ್ಕರೆ. ಔಷಧ ಕೊಟ್ಟು, ದಿನ ಬಿಟ್ಟು ದಿನ ಗಾಯ ತೊಳೆದು ಪಟ್ಟಿ ಕಟ್ಟಿ, ಕಾಲು ಉಳಿಸಿದಳು. ಖುಷಿಗೆ ಸುಭದ್ರಾಬಾಯಿಯೇ ಹಟ ಹಿಡಿದು, ಹಸಿರು ಇಳಕಲ್ ಸೀರೆ ಉಟ್ಟು, ಅತ್ತೆಯ ಕಾಲದ ಮುತ್ತಿನ ನತ್ತು ಹಾಕಿಕೊಂಡು ಬಂದು ಕ್ಯಾಮೆರಾ ಮುಂದೆ ಕುಳಿತಳು. "ಸೊಪ್ಪು ಗಿಪ್ಪು ಕಟ್ಟಬ್ಯಾಡ್ರಿ ನಮ್ಮವ್ವದೇರ, ದವಾಖಾನಿಗಿ ಹೋಗ್ರಿ. ನೋಡ್ರಿ ನನ್ನ ಕಾಲು, ನಿಂತೀನಿ ನೋಡ್ರಿ" ಎಂದು ಎದ್ದು ನಿಂತು ಒಂದು ಸುತ್ತು ತಿರುಗಿಯೂ ಬಿಟ್ಟಳು. ಜನಕ್ಕೆ ಅದು ಹುಚ್ಚು ಹಿಡಿಸಿತು. ಹೈದರಾಬಾದಿಗೆ ಹೋಗುವ ಲಾರಿಯವರು ಗಾಡಿ ನಿಲ್ಲಿಸಿ, "ತಿರುಗೋ ಬಾಯಿ ಇಲ್ಲೇ ಏನು?" ಎಂದು ಕೇಳಿ ರೊಟ್ಟಿ ಒಯ್ಯತೊಡಗಿದರು.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಕೆಟ್ಟದ್ದು ನಮ್ಮ ಸಭೆಯಿಂದ.

ಆ ತಿಂಗಳ ಸಭೆ ಹುಮನಾಬಾದಿನಲ್ಲಿ. ವಿಷಯ, ವೈದ್ಯರು ಫೋನಿನಲ್ಲಿ ಏನು ಹಾಕಬಹುದು, ಏನು ಹಾಕಬಾರದು. ನಾನು ಅಧ್ಯಕ್ಷ, ಓದಿಕೊಂಡು ಹೋಗಬೇಕಲ್ಲ? ಓದಲು ಕುಳಿತರೆ ತಲೆ ಕೆಟ್ಟು ಕೆರ ಹಿಡಿಯಿತು. ಹೊಸ ನಿಯಮ ಬಂದಿದೆ ಎಂದು ಒಬ್ಬರು, ಬಂದದ್ದನ್ನು ತಡೆಹಿಡಿದಿದ್ದಾರೆ ಎಂದು ಇನ್ನೊಬ್ಬರು. ಹಾಗಾದರೆ ಹಳೆಯದೇ ನಡೆಯುತ್ತದೆ. ಹಳೆಯದನ್ನು ಬರೆದ ಕಾಲಕ್ಕೆ ರೀಲು ಎಂದರೆ ದಾರದ ಉಂಡೆ. ವೈದ್ಯ ತನ್ನ ಜಾಹೀರಾತು ಮಾಡಿಕೊಳ್ಳಬಾರದು, ರೋಗಿಯ ಗುರುತು ಬಿಟ್ಟುಕೊಡಬಾರದು. ಇವೆರಡು ಮಾತು ಮಾತ್ರ ನನಗೆ ಸ್ಪಷ್ಟವಾಗಿ ತಿಳಿದವು. ಅವನ್ನೇ ಗಟ್ಟಿ ದನಿಯಲ್ಲಿ ಹೇಳಿದೆ. "ಹಾಕಲೇಬೇಕೆಂದಿದ್ದರೆ ರೋಗಿಯ ಮುಖ ಕಾಣದಂತೆ ಹಾಕಿ. ನಾಳೆ ಯಾರಾದರೂ ವೈದ್ಯಕೀಯ ಪರಿಷತ್ತಿಗೆ ದೂರು ಬರೆದರೆ ನೋಂದಣಿಗೇ ಕುತ್ತು ಬರುತ್ತದೆ" ಎಂದೆ. ಎಲ್ಲರೂ ತಲೆಯಾಡಿಸಿ ಚೂಡಾ ತಿಂದರು. ನಮ್ಮಲ್ಲೊಬ್ಬ ಹಿರಿಯ, ಶುರುವಿನ ದಿನಗಳಲ್ಲಿ ತನ್ನ ದವಾಖಾನೆ ತುಂಬಿದೆ ಎಂದು ತೋರಿಸಲು ಗೆಳೆಯರ ಸ್ಕೂಟರುಗಳನ್ನೆಲ್ಲ ತರಿಸಿ ಬಾಗಿಲ ಮುಂದೆ ಸಾಲಾಗಿ ನಿಲ್ಲಿಸುತ್ತಿದ್ದ. ಆತನೂ ತಲೆಯಾಡಿಸಿದ.

ರುಕ್ಸಾನಾ ಮಾತು ಕೇಳುವ ಹುಡುಗಿ. ಅಂದು ಸಂಜೆಯೇ ಹಳೆಯ ರೀಲು ತೆಗೆದು, ಸುಭದ್ರಾಬಾಯಿಯ ಮುಖವನ್ನು ಮಸುಕು ಮಾಡಿ ಮತ್ತೆ ಹಾಕಿದಳು. ಹಸಿರು ಸೀರೆ ಹಾಗೇ ಇತ್ತು, ದನಿ ಹಾಗೇ ಇತ್ತು, ಎದ್ದು ನಿಂತು ತಿರುಗಿದ್ದೂ ಹಾಗೇ ಇತ್ತು. ಮುಖ ಇದ್ದ ಜಾಗದಲ್ಲಿ ಮಾತ್ರ ಮಂಜು.

ಮುಂದೆ ಕೆಲವು ದಿನ ನನಗೇನೂ ಗೊತ್ತಾಗಲಿಲ್ಲ. ಆಷಾಢದ ಗಾಳಿ ಬೀಸುತ್ತಿತ್ತು. ಒಂದು ಮಧ್ಯಾಹ್ನ ನನ್ನ ದವಾಖಾನೆಗೆ ಧೋತರ ಉಟ್ಟ, ಮೊಣಕಾಲ ತನಕ ಕೆಸರಾದ ಒಬ್ಬ ಮನುಷ್ಯ ಬಂದು ನಿಂತ. ರೋಗಿ ಎಂದುಕೊಂಡು ಸ್ಟೂಲು ತೋರಿಸಿದೆ. ಕೂರಲಿಲ್ಲ.

"ನಾ ಮಾಣಿಕಪ್ಪ ಅಂತ್ರಿ. ಸುಭದ್ರಾಬಾಯಿ ಗಂಡ. ಡಾಕ್ಟರ್ ಮಂದಿಗೆಲ್ಲ ನೀವೇ ದೊಡ್ಡೋರಂತ ಹೇಳ್ಯಾರ. ನನ್ನ ಹೇಣ್ತಿ ಮುಖ ಯಾಕ ಅಳಿಸ್ಯಾರ, ಕೇಳಿ ಹೇಳ್ರಿ."

ನಾನು ನಕ್ಕುಬಿಟ್ಟೆ. "ಅದು ನಿಮ್ಮ ಒಳ್ಳೇದಕ್ಕೇ ಮಾರಾಯಾ. ನಿಮ್ಮ ಹೆಂಡತಿ ಗುರುತು ಯಾರಿಗೂ ಸಿಗಬಾರದು ಅಂತ."

"ಗುರುತು ಯಾರಿಗ್ ಸಿಕ್ಕಿಲ್ರೀ? ಮೊದಲ ಮುಖ ಸೈತ ನೋಡ್ಯಾರ. ಈಗ ಮುಚ್ಯಾರ ಅಂದ್ರ ನಡುವ ಏನೋ ಆಗ್ಯಾದ ಅಂತ ಅನ್ನಾಕತ್ತಾರ. ಟೀವ್ಯಾಗ ಯಾರ್ ಮುಖ ಮುಚ್ತಾರ್ರಿ? ಕಳ್ಳರ್ದು ಮುಚ್ತಾರ, ಕೆಟ್ಟ ಹೆಂಗಸರ್ದು ಮುಚ್ತಾರ, ದೊಡ್ಡ ರೋಗ ಬಂದೋರ್ದು ಮುಚ್ತಾರ. ಕಾಲಾಗ ಗಾಯ, ಮುಖ ಮುಚ್ಯಾರ. ಕುಷ್ಠ ಅಂತ ಮಾತ್ ಹುಟ್ಟ್ಯಾದ್ರಿ ಊರಾಗ. ರಿಪೋರ್ಟ್ ಬಂತು, ಡಾಕ್ಟರ್ ಬಾಯಿ ಅಂಜಿ ಮುಚ್ಚಿದ್ಳು ಅಂತಾರ. ಖಾನಾವಳಿಯೋರು ರೊಟ್ಟಿ ಬಂದ್ ಮಾಡ್ಯಾರ."

ಇಷ್ಟು ವರ್ಷ ವೈದ್ಯನಾಗಿ ರೋಗಿಯ ಗುಟ್ಟು ಕಾಯುವುದೇ ಧರ್ಮ ಎಂದು ತಿಳಿದವನು ನಾನು. ಮುಚ್ಚಿದ್ದರಿಂದಲೇ ಒಬ್ಬಳ ಮಾನ ಹೋಗಬಹುದು ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಮಾಣಿಕಪ್ಪ ಹೋಗುವಾಗ ಒಂದು ಮಾತು ಹೇಳಿದ. ಹುಮನಾಬಾದಿನ ವಕೀಲರೊಬ್ಬರು ಬೆಂಗಳೂರಿನ ಪರಿಷತ್ತಿಗೆ ದೂರು ಬರೆದುಕೊಡುತ್ತೇನೆ ಎಂದಿದ್ದಾರಂತೆ. ಶ್ರಾವಣದಲ್ಲಿ ಮದುವೆಯ ಆರ್ಡರುಗಳು ಬರುತ್ತವೆ, ಅಷ್ಟರೊಳಗೆ ಹೆಂಡತಿಯ ಹೆಸರು ಸರಿಮಾಡಿ ಕೊಡಿ, ಇಲ್ಲದಿದ್ದರೆ ನಾನು ಸಹಿ ಹಾಕುವವನೇ ಎಂದ. ಅವನ ಸಿಟ್ಟು ತಪ್ಪೆನ್ನುವಂತಿರಲಿಲ್ಲ. ಆದರೆ ದೂರು ಹೋದರೆ ರುಕ್ಸಾನಾಳ ಗತಿ? ಮುಖ ಮುಚ್ಚಿದ್ದಕ್ಕಲ್ಲ, ರೋಗಿಯ ಬಾಯಿಂದ ಹೊಗಳಿಸಿಕೊಂಡದ್ದಕ್ಕೇ ಆಕೆ ಸಿಕ್ಕಿಬೀಳುತ್ತಿದ್ದಳು. ಸುಭದ್ರಾಬಾಯಿಯ ರೊಟ್ಟಿಯ ಹಂಚು ಉಳಿಯಬೇಕು, ರುಕ್ಸಾನಾಳ ನೋಂದಣಿಯೂ ಉಳಿಯಬೇಕು. ಒಂದನ್ನು ಉಳಿಸಿದರೆ ಇನ್ನೊಂದು ಕೈಬಿಡುತ್ತದೆ.

ಮರುದಿನ ಬಸ್ಸು ಹತ್ತಿ ಮನ್ನಾಏಖೇಳ್ಳಿಗೆ ಹೋದೆ. ತಗಡಿನ ಚಪ್ಪರದ ಕೆಳಗೆ ಒಲೆ ತಣ್ಣಗಿತ್ತು. ಹಂಚನ್ನು ಗೋಡೆಗೆ ಆನಿಸಿ ಇಟ್ಟಿದ್ದರು. ಸುಭದ್ರಾಬಾಯಿ ಮೊರದಲ್ಲಿ ಜೋಳ ಹಾಕಿಕೊಂಡು ಸುಮ್ಮನೆ ಆಡಿಸುತ್ತ ಕುಳಿತಿದ್ದಳು. ನನ್ನನ್ನು ಕಂಡದ್ದೇ ಅಳಲು ಶುರುಮಾಡಿದಳು. ರೋಗದ ಮಾತು, ವ್ಯಾಪಾರದ ಮಾತು ಆಮೇಲೆ ಬಂತು. ಮೊದಲು ಬಂದದ್ದು ನತ್ತಿನ ಮಾತು.

"ನಮ್ಮತ್ತಿ ನತ್ತು ಹಾಕ್ಕೊಂಡ್ ಹೋಗಿದ್ದೆ ಸಾಹೇಬ್ರ. ಅದು ಸೈತ ಕಾಣಂಗಿಲ್ಲ ಈಗ. ನನ್ನ ಮಾರಿ ಅಷ್ಟು ಹೊಲಸದ ಏನ್ರಿ?"

ಹೊಲಸಿಲ್ಲವ್ವ, ಕಾಯ್ದೆ ಹಾಗಿದೆ ಎಂದೆ. ಕಾಯ್ದೆ ಎಂದ ಕೂಡಲೇ ಇನ್ನೂ ಗಾಬರಿಯಾದಳು. ನನ್ನ ಮೇಲೆ ಯಾವ ಕಾಯ್ದೆ ಬಿದ್ದಿದೆ, ನಾನೇನು ಕಳವು ಮಾಡಿದ್ದೇನೆ ಎಂದು ಕೇಳತೊಡಗಿದಳು. ನಾನು ಬಾಯಿ ಮುಚ್ಚಿಕೊಂಡು ಎದುರಿನ ಚಹಾದಂಗಡಿಗೆ ನಡೆದೆ.

ಅಲ್ಲಿ ನಾಲ್ಕು ಜನ ಕುಳಿತಿದ್ದರು. ನನ್ನ ಮೈಯೆಲ್ಲ ಉರಿಯುತ್ತಿತ್ತು. "ಆ ಬಾಯಿಗೆ ಕುಷ್ಠ ಇಲ್ಲ, ಗಿಷ್ಠ ಇಲ್ಲ. ಇದ್ದರೂ ಏನಾಯಿತು? ಅದಕ್ಕೆ ಗುಳಿಗೆ ಇದೆ, ನುಂಗಿದರೆ ವಾಸಿಯಾಗುತ್ತದೆ. ರೊಟ್ಟಿಯಿಂದ ಅದು ಯಾರಿಗೂ ಹತ್ತುವುದಿಲ್ಲ. ಬುದ್ಧಿ ಇದೆಯೇ ನಿಮಗೆ?" ಎಂದು ಗದರಿದೆ. ಎಲ್ಲರೂ ವಿನಯದಿಂದ ಹೌದ್ರಿ ಹೌದ್ರಿ ಎಂದರು. ಚಹಾದ ರೊಕ್ಕವನ್ನೂ ತೆಗೆದುಕೊಳ್ಳಲಿಲ್ಲ. ತಿಳಿಹೇಳಿದೆನೆಂಬ ಸಮಾಧಾನದಲ್ಲಿ ಊರಿಗೆ ಬಂದೆ.

ಎರಡು ದಿನಕ್ಕೆ ಮಾಣಿಕಪ್ಪನ ಫೋನು. "ಸಾಹೇಬ್ರ, ನೀವ್ ಯಾಕ ಬಂದಿದ್ರಿ? ಕಲ್ಯಾಣದ ದೊಡ್ಡ ಡಾಕ್ಟರೇ ಬಂದು, ಆಕಿಗಿ ಗುಳಿಗಿ ಕೊಟ್ಟೀವಿ, ವಾಸಿ ಆಗ್ತದ ಅಂತ ಹೇಳಿ ಹೋಗ್ಯಾರ ಅನ್ನಾಕತ್ತಾರ ಊರ್ ಮಂದಿ!"

ಫೋನು ಕೆಳಗಿಟ್ಟು ತಲೆಯ ಮೇಲೆ ಕೈಹೊತ್ತು ಕುಳಿತೆ. ಶಾರದಾ ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದದ್ದು ನನಗೆ ಕಾಣಿಸಿತು. ಆಕೆಯ ಮೇಲೂ ಸಿಟ್ಟು ಬಂತು.

ಹುಮನಾಬಾದಿಗೆ ಹೋಗಿ ರುಕ್ಸಾನಾಳ ಮುಂದೆ ಎಲ್ಲವನ್ನೂ ಹೇಳಿದೆ. ಆಕೆಗೆ ಆಗಲೇ ಗೊತ್ತಾಗಿತ್ತು. ಮುಖ ಇಳಿದುಹೋಗಿತ್ತು.

"ಸರ್, ಹಳೇ ವೀಡಿಯೋ ಮತ್ತ ಹಾಕ್ಲಾ? ಮುಖ ಇದ್ದದ್ದು? ಸುಭದ್ರಾ ಮೌಶಿ ಒಪ್ಪ್ಯಾಳ, ಬರ್ಕೊಡ್ತಾಳ."

"ಒಪ್ಪಿದ್ರ ಆಯ್ತೇನು? ಹೊಗಳಿಕಿ ಹೊಗಳಿಕೀನ. ಮುಖ ತೋರ್ಸಿ ಹಾಕಿದ್ರ ಜಾಹೀರಾತು ಅಂತಾರ."

"ಮತ್ತ ಮುಖ ಮುಚ್ಚಿದ್ದು ಹಂಗ ಇಡ್ಲಾ?"

"ಇಟ್ರ ಮಾಣಿಕಪ್ಪ ದೂರು ಕೊಡ್ತಾನ."

"ಮತ್ತ ನಾ ಏನ್ ಮಾಡ್ಲಿ ಸರ್? ನೀವೇ ಹೇಳ್ರಿ. ರಜಿಸ್ಟ್ರೇಷನ್ ಹೋದ್ರ ಅಬ್ಬಾನ ಹೊಲಿಗಿ ಮಶೀನ್ ಮುಂದ ಕೂಡ್ಬೇಕಾಗ್ತದ ನಾ."

ಸಂಘದ ಕಾರ್ಯದರ್ಶಿಗೆ ಫೋನು ಮಾಡಿದೆ. ಆತ ಕಲ್ಯಾಣದಲ್ಲೇ ಇನ್ನೊಂದು ದವಾಖಾನೆ ನಡೆಸುವವನು, ಯಾವುದಕ್ಕೂ ಹಿಂದೆ ಮುಂದೆ ನೋಡದೆ ಥಟ್ಟನೆ ತೀರ್ಪು ಕೊಡುವ ಆಸಾಮಿ. ಇದ್ದದ್ದನ್ನೆಲ್ಲ ಅಳಿಸಿಬಿಡಿ, ಇಲ್ಲದ ವೀಡಿಯೋ ಬಗ್ಗೆ ಯಾರು ಏನು ಹೇಳುತ್ತಾರೆ ಎಂದ. ಸರಿಯೆನ್ನಿಸಿತು. ರುಕ್ಸಾನಾ ನನ್ನೆದುರಿಗೇ ಅಳಿಸಿದಳು.

ಇಲ್ಲದ ವೀಡಿಯೋ ಬಗ್ಗೆ ಊರು ಹೇಳಿದ್ದು ಇರುವ ವೀಡಿಯೋ ಬಗ್ಗೆ ಹೇಳಿದ್ದಕ್ಕಿಂತ ಹೆಚ್ಚು. ಮೊದಲು ಮುಖ ಮುಚ್ಚಿದರು, ಈಗ ಹೆಂಗಸನ್ನೇ ತೆಗೆದುಬಿಟ್ಟರು. ಏನೂ ಇಲ್ಲದೆ ತೆಗೆಯುತ್ತಾರೆಯೇ? ಮನ್ನಾಏಖೇಳ್ಳಿಯ ಮಾತು ಚಿಟಗುಪ್ಪದ ಸಂತೆಗೂ ಮುಟ್ಟಿತು. ಸುಭದ್ರಾಬಾಯಿಗೆ ಹಿಟ್ಟು ಬೀಸಿಕೊಡುವ ಗಿರಣಿಯವನು, ನಿನ್ನ ಜೋಳ ಕೊನೆಗೆ ಬೀಸುತ್ತೇನೆ, ಬೇರೆಯವರದರ ಜೊತೆ ಬೇಡ ಎಂದನಂತೆ. ಒಬ್ಬ ಹೆಂಗಸು ಕಾಲು ಉಳಿಸಿಕೊಂಡ ಖುಷಿಗೆ ಒಂದು ಸುತ್ತು ತಿರುಗಿದಳು, ಅಷ್ಟೇ ಅಲ್ಲವೇ ಆದದ್ದು?

ಕೊನೆಗೆ ದಾರಿ ತೋರಿಸಿದ್ದು ಶಾರದಾ. ಊಟಕ್ಕೆ ಬಡಿಸುತ್ತ, "ನಿಮ್ಮ ಕಾಯ್ದೆ ಡಾಕ್ಟರ್ ಮಂದೀಗೋ, ರೊಟ್ಟಿ ಮಾರೋರಿಗೋ?" ಎಂದಳು.

"ಡಾಕ್ಟರ್ ಮಂದಿಗೆ."

"ಮತ್ತ ಸುಭದ್ರಾಬಾಯೀನೇ ತನ್ನ ಫೋನಿನ್ಯಾಗ ತಾನೇ ಮಾತಾಡ್ಲಿ. ಆಕಿ ಮಾರಿ, ಆಕಿ ಕಾಲು. ಯಾರ್ ಬ್ಯಾಡ ಅಂತಾರ?"

ಅನ್ನ ಬಾಯಲ್ಲೇ ಉಳಿಯಿತು. ಇಷ್ಟು ಸರಳ! ಮರುದಿನವೇ ಮಾಣಿಕಪ್ಪನಿಗೆ ಹೇಳಿದೆ. ಒಂದೇ ಒಂದು ಷರತ್ತು ಹಾಕಿದೆ. ಡಾಕ್ಟರ ಹೆಸರು, ದವಾಖಾನೆಯ ಹೆಸರು ಎತ್ತಬಾರದು. ಎತ್ತಿದರೆ ಮತ್ತೆ ಹೊಗಳಿಕೆಯಾಗುತ್ತದೆ, ರುಕ್ಸಾನಾಳೇ ಹೇಳಿಸಿದಳು ಎನ್ನುತ್ತಾರೆ. ಸುಭದ್ರಾಬಾಯಿ ಹಸಿರು ಸೀರೆ ಉಟ್ಟು, ನತ್ತು ಹಾಕಿ, ಕಾಲು ಚಾಚಿ ಕುಳಿತಳು. ಸೊಸೆ ಚಿತ್ರ ಹಿಡಿದಳು. "ಇದು ನನ್ನ ಮಾರಿ. ಇದು ನನ್ನ ಕಾಲು. ನಂಗಿದ್ದದ್ದು ಸಕ್ಕರಿ ಬ್ಯಾನಿ, ಬ್ಯಾರೆ ಏನೂ ಇಲ್ಲ. ಯಾರ್ ಬೇಕಾದೋರ್ ಬಂದ್ ನೋಡ್ರಿ" ಎಂದಳು. ಆಮೇಲೆ ನನ್ನ ಮಾತು ನೆನಪಾಗಿರಬೇಕು, ತುಸು ತಡೆದು, "ಒಬ್ರು ಡಾಕ್ಟರ್ ಆರಾಮ್ ಮಾಡ್ಯಾರ. ಹೆಸರ್ ಹೇಳಬ್ಯಾಡ ಅಂದಾರ, ಹೇಳಂಗಿಲ್ಲ" ಎಂದಳು.

ಅದು ಮೊದಲಿನದಕ್ಕಿಂತ ಜೋರಾಗಿ ಓಡಿತು. ವಾರದೊಳಗೆ ಒಲೆ ಹೊತ್ತಿತು. ಖಾನಾವಳಿಯವರು ಬಂದರು. ಶ್ರಾವಣದ ಮದುವೆಯೊಂದಕ್ಕೆ ಖಡಕ್ ರೊಟ್ಟಿಯ ದೊಡ್ಡ ಆರ್ಡರು ಸಿಕ್ಕಿತು. ಮಾಣಿಕಪ್ಪ ಒಂದು ಗಂಟು ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ತಂದು ನಮ್ಮ ಮನೆಯ ಕಟ್ಟೆಯ ಮೇಲಿಟ್ಟು, "ವಕೀಲರಿಗಿ ಬ್ಯಾಡ ಅಂತ ಹೇಳೀನ್ರಿ" ಎಂದ. ಅವನು ಹೋದ ಮೇಲೆ ನಾನು ಆರಾಮಕುರ್ಚಿಯಲ್ಲಿ ಕಾಲು ಚಾಚಿ, ಮಳೆ ನೋಡುತ್ತ, ಬಹಳ ದಿನಗಳ ನಂತರ ನೆಮ್ಮದಿಯಿಂದ ಚಹಾ ಕುಡಿದೆ. ಶಾರದಾಳನ್ನು ಹೊಗಳಿದೆ ಕೂಡ.

ಆ ನೆಮ್ಮದಿ ಬಹಳ ದಿನ ಬಾಳಲಿಲ್ಲ. ಒಂದು ಸಂಜೆ ಶಾರದಾ ಫೋನು ಹಿಡಿದುಕೊಂಡು ಬಂದಳು. ಮುಖದಲ್ಲಿ ನಗು ಇರಲಿಲ್ಲ. ಸುಭದ್ರಾಬಾಯಿಯ ವೀಡಿಯೋದ ಕೆಳಗೆ ಜನ ಬರೆದದ್ದನ್ನು ಓದಿ ಹೇಳಿದಳು. ಡಾಕ್ಟರ್ ಹೆಸರು ಯಾಕೆ ಹೇಳುವುದಿಲ್ಲ? ಹೇಳಬೇಡ ಎಂದವರು ಯಾರು? ಹಿಂದೆ ಹುಮನಾಬಾದಿನ ಡಾಕ್ಟರ್ ಬಾಯಿಯ ವೀಡಿಯೋದಲ್ಲಿ ಇದ್ದಳಲ್ಲ, ಅದನ್ನು ಅಳಿಸಿದ್ದು ಯಾಕೆ? ಏನೋ ಗಡಬಡ ಇದೆ. ಡಾಕ್ಟರಮ್ಮ ಗಲತ್ ಸೂಜಿ, ತಪ್ಪು ಸೂಜಿ ಚುಚ್ಚಿದ್ದಳಂತೆ. ರೊಕ್ಕ ಕೊಟ್ಟು ಬಾಯಿ ಮುಚ್ಚಿಸಿದಳಂತೆ.

ನಾನು ಕೇಳುತ್ತಲೇ ಇದ್ದೆ. ಹೆಂಗಸಿನ ಮುಖ ಮುಚ್ಚಿದಾಗ ಹೆಂಗಸಿನ ಮೇಲೆ ಅನುಮಾನ, ಡಾಕ್ಟರ ಹೆಸರು ಮುಚ್ಚಿದಾಗ ಡಾಕ್ಟರ ಮೇಲೆ ಅನುಮಾನ. ಈ ಜನಕ್ಕೆ ಏನು ಹೇಳಬೇಕು? ಅಥವಾ ಜನದ ತಪ್ಪೇ ಅಲ್ಲವೋ ಇದು? ಮುಚ್ಚುವುದು ಗೌರವಕ್ಕೆ ಎಂದು ನಮಗೆ ಕಾಲೇಜಿನಲ್ಲಿ ಹೇಳಿಕೊಟ್ಟರು, ಇವರಿಗೆ ಯಾರು ಹೇಳಿಕೊಟ್ಟಿದ್ದಾರೆ? ಅಥವಾ ಇವರು ಹೇಳುವುದೇ ಸರಿಯೋ?

ಮಳೆಗಾಲದ ನಡುಮಧ್ಯ ಅದು. ಜ್ವರ, ವಾಂತಿಭೇದಿ, ನೆಗಡಿ, ಎಲ್ಲರ ದವಾಖಾನೆಯೂ ತುಂಬಿತ್ತು. ನನಗೆ ಊಟಕ್ಕೆ ಹೋಗಲು ಹೊತ್ತು ಸಿಗುತ್ತಿರಲಿಲ್ಲ. ರುಕ್ಸಾನಾಳ ದವಾಖಾನೆಯಲ್ಲಿ ಮಾತ್ರ ಬೆಂಚು ಖಾಲಿ. ಫೋನಿನಲ್ಲಿ ಒಮ್ಮೆ ಮಾತಾಡಿದಾಗ, "ಸರ್, ಈಗ ರಜಿಸ್ಟ್ರೇಷನ್ ಅದ, ಪೇಶಂಟ್ ಇಲ್ಲ" ಎಂದು ನಕ್ಕಳು. ಆ ನಗುವನ್ನು ಕೇಳಲು ಆಗಲಿಲ್ಲ. ರೀಲು ಮಾಡಿ ನೀನೇ ಎಲ್ಲ ಹೇಳಿಬಿಡು ಎಂದೆ. ತನ್ನನ್ನು ತಾನೇ ಹೊಗಳಿಕೊಂಡರೆ ಅದೂ ಜಾಹೀರಾತೇ ಅಲ್ಲವೇ ಎಂದಳು. ನನ್ನದೇ ಪಾಠ ನನಗೇ ಒಪ್ಪಿಸಿದಳು.

ಇದಾದ ಮೇಲೆ ಒಂದು ಬೆಳಿಗ್ಗೆ ಕಾರ್ಯದರ್ಶಿಯ ಫೋನು ಬಂತು. ಆತ ಕೂಗಾಡುತ್ತಿದ್ದ.

"ಸರ್, ಏನಿದು? ಆ ರೊಟ್ಟಿ ಬಾಯಿ ಬುಟ್ಟಿ ಹಿಡ್ಕೊಂಡು ಬಂದು ರುಕ್ಸಾನಾನ ದವಾಖಾನಿ ಬಾಗಲಾಗೇ ಕುಂತಾಳ. ಹೋಗಿ ಬರೋರಿಗೆಲ್ಲ ಕಾಲು ತೋರಿಸಿ, ಇದು ನನ್ನ ಡಾಕ್ಟರ್, ಇದೇ ನನ್ನ ಡಾಕ್ಟರ್ ಅನ್ನಾಕತ್ತಾಳ. ರೀಲ್ ಬಿಟ್ಟು ಮನುಷ್ಯಾನ್ನೇ ತಂದು ಕೂಡ್ಸಿದಂಗಾತು! ಬಾಕಿ ಡಾಕ್ಟರ್ ಮಂದಿ ಸಿಟ್ಟಾಗ್ಯಾರ. ನೀವ್ ಅಧ್ಯಕ್ಷರು, ಹೋಗಿ ಎಬ್ಬಿಸ್ರಿ."

ದವಾಖಾನೆ ಮುಚ್ಚಿ ಮಧ್ಯಾಹ್ನದ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ಸೋಯಾ ಮೊಣಕಾಲೆತ್ತರ ಬೆಳೆದು ಹೊಲಗಳು ಹಸಿರು ತುಂಬಿ ನಿಂತಿದ್ದವು. ನನಗೆ ನೋಡುವ ಮನಸ್ಸಿರಲಿಲ್ಲ.

ಸುಭದ್ರಾಬಾಯಿ ಮೆಟ್ಟಿಲ ಪಕ್ಕದಲ್ಲಿ ಪ್ಲಾಸ್ಟಿಕ್ ಹಾಳೆ ತಲೆಯ ಮೇಲೆ ಎಳೆದುಕೊಂಡು ಕುಳಿತಿದ್ದಳು. ಮುಂದೆ ಬುಟ್ಟಿ, ಬುಟ್ಟಿಯಲ್ಲಿ ಬಟ್ಟೆ ಹೊದಿಸಿದ ರೊಟ್ಟಿ. ರುಕ್ಸಾನಾ ಬಾಗಿಲಲ್ಲಿ ನಿಂತು, "ಮೌಶಿ, ಕೈ ಮುಗೀತೀನಿ, ಮನೀಗ್ ಹೋಗ್ರಿ. ನಂಗೇ ತ್ರಾಸ್ ಆಗ್ತದ" ಎಂದು ಬೇಡಿಕೊಳ್ಳುತ್ತಿದ್ದಳು. ಸುಭದ್ರಾಬಾಯಿ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ನಾನು ಅಧ್ಯಕ್ಷನ ದನಿಯಲ್ಲಿ ಶುರುಮಾಡಿದೆ. "ನೋಡವ್ವ ಸುಭದ್ರಾಬಾಯಿ, ಹೀಗೆ ಕೂಡಬಾರದು. ಏಳು."

ಆಕೆ ಏಳಲಿಲ್ಲ. ತಲೆಯೆತ್ತಿ ನೋಡಿದಳು. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿಯದೆ ಕೇಳುವವರ ಹಾಗೆ ಕೇಳಿದಳು.

"ಏಳ್ತೀನ್ರಿ ಸಾಹೇಬ್ರ. ಮೊದಲ ನನ್ನ ಮಾರಿ ಮುಚ್ಚು ಅಂದ್ರಿ. ಮಂದಿ ನನಗ ಅಂದ್ರು. ಆಮ್ಯಾಲ ಡಾಕ್ಟರ್ ಹೆಸರ್ ಮುಚ್ಚು ಅಂದ್ರಿ. ಮಂದಿ ಈಕಿಗ್ ಅಂದ್ರು. ನನ್ನ ಹಂಚಿಗಿ ಬೆಂಕಿ ಬಂತು, ಈಕಿ ಮನಿ ಒಲಿ ಆರಿತು. ಈಗ ಯಾವದ್ ಮುಚ್ಲಿ ಹೇಳ್ರಿ, ಮುಚ್ತೀನಿ. ಇಬ್ರದೂ ಉಳೀಬೇಕು ಅಂದ್ರ ಯಾವದ್ ಮುಚ್ಬೇಕು?"

ನಾನು ಬಾಯಿ ತೆರೆದೆ. ಗೌಪ್ಯತೆ, ಶಿಸ್ತು, ಗೌರವ, ವೃತ್ತಿಧರ್ಮ, ಎಲ್ಲ ಮಾತುಗಳೂ ನಾಲಿಗೆಯ ತುದಿಯಲ್ಲಿದ್ದವು. ರುಕ್ಸಾನಾ ನನ್ನನ್ನೇ ನೋಡುತ್ತಿದ್ದಳು. ಮಳೆ ಸಣ್ಣಗೆ ಹನಿಯುತ್ತಿತ್ತು.

ಆ ಹೊತ್ತಿಗೆ ಘಾಟಬೋರಾಳದ ಕಡೆಯಿಂದ ಬಂದ ಆಟೋ ನಿಂತಿತು. ಮಗಳನ್ನು ಹೆಗಲಿಗೆ ಹಾಕಿಕೊಂಡು ಒಬ್ಬ ಹೆಂಗಸು ಇಳಿದಳು. ಮಗು ಜ್ವರದಲ್ಲಿ ಕಣ್ಣು ಬಿಡುತ್ತಿರಲಿಲ್ಲ. ಬೋರ್ಡು ನೋಡಿ ಎರಡು ಮೆಟ್ಟಿಲು ಹತ್ತಿದವಳು ಅಲ್ಲೇ ತಡೆದು ನಿಂತಳು. ಊರಿನ ಮಾತು ಅವಳ ಕಿವಿಗೂ ಬಿದ್ದಿತ್ತೆಂದು ಕಾಣುತ್ತದೆ. ಸುಭದ್ರಾಬಾಯಿ ಕಾಲು ಮುಂದೆ ಚಾಚಿ, "ಹೋಗವ್ವ ಒಳಗ, ಇದೇ ನನ್ನ ಡಾಕ್ಟರ್" ಎಂದಳು. ಆ ಹೆಂಗಸಿಗೆ ನಂಬಿಕೆ ಬರಲಿಲ್ಲ. ನನ್ನ ಬಿಳಿ ತಲೆ, ಇಸ್ತ್ರಿ ಮಾಡಿದ ಅಂಗಿ ನೋಡಿ, ನನ್ನನ್ನೇ ಕೇಳಿದಳು.

"ಯಜಮಾನ್ರ, ಇಲ್ಲಿ ತೋರಿಸ್ಬಹುದೇನ್ರಿ? ಡಾಕ್ಟರ್ ಬರೋಬರ್ ಇದ್ದಾರೇನ್ರಿ?"

ಒಬ್ಬ ವೈದ್ಯ ಇನ್ನೊಬ್ಬ ವೈದ್ಯೆಯ ಬಾಗಿಲಲ್ಲಿ ನಿಂತು ಆಕೆಯ ಗುಣಗಾನ ಮಾಡಬಹುದೇ? ಅಧ್ಯಕ್ಷನಾದವನು? ಹಳೆಯ ನಿಯಮದಲ್ಲಿ ಏನಿದೆ, ಹೊಸದರಲ್ಲಿ ಏನಿದೆ, ತಡೆಹಿಡಿದದ್ದರಲ್ಲಿ ಏನಿದೆ? ಯಾವುದೂ ನೆನಪಾಗಲಿಲ್ಲ. ಮಗುವಿನ ತುಟಿ ಒಣಗಿ ಬಿರಿದದ್ದು ಮಾತ್ರ ಕಾಣುತ್ತಿತ್ತು.

ಚಪ್ಪಲಿ ಬಿಟ್ಟೆ. ಒಳಗೆ ಹೋಗಿ, ರೋಗಿಗಳು ಕೂರುವ ಖಾಲಿ ಬೆಂಚಿನ ಮೇಲೆ ಕುಳಿತುಕೊಂಡೆ. ಚೀಟಿ ಬರೆಯುವ ನರ್ಸಮ್ಮ ಗಾಬರಿಯಾಗಿ ಎದ್ದು ನಿಂತಳು. ನನ್ನ ಹೆಸರು ಬರೆದುಕೋ, ನಾನೂ ತೋರಿಸಿಕೊಳ್ಳಬೇಕು ಎಂದೆ.

ಸ್ವಲ್ಪ ಹೊತ್ತು ಯಾರೂ ಬರಲಿಲ್ಲ. ಆಮೇಲೆ ಒದ್ದೆ ಸೀರೆಯ ಸಪ್ಪಳವಾಯಿತು. ಆ ಹೆಂಗಸು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಳು. ಮಗುವನ್ನು ಮೊದಲು ನೋಡು ಎಂದು ರುಕ್ಸಾನಾಳಿಗೆ ಸನ್ನೆ ಮಾಡಿದೆ. ಆಕೆ ನೋಡಿ, ಔಷಧ ಕೊಟ್ಟು, ತಾಯಿಗೆ ನಿಧಾನವಾಗಿ ಎಲ್ಲ ಹೇಳಿ ಕಳಿಸಿದಳು. ಹೊರಗೆ ಆ ಹೆಂಗಸು ಬುಟ್ಟಿಯ ಮುಂದೆ ಬಾಗಿ ಎರಡು ರೊಟ್ಟಿ ಕೇಳಿದ್ದು ನನಗೆ ಕೇಳಿಸಿತು.

ಪರದೆ ಸರಿಸಿ ನಾನು ಒಳಗೆ ಹೋದೆ. ಆ ಕೋಣೆಯಲ್ಲಿ ಡಾಕ್ಟರ ಎದುರಿನ ಸ್ಟೂಲಿನ ಮೇಲೆ ಕುಳಿತದ್ದು ಅದೇ ಮೊದಲು. ರುಕ್ಸಾನಾಳ ಕಣ್ಣು ತುಂಬಿತ್ತು. ಆದರೂ ಎಲ್ಲರನ್ನೂ ಕೇಳುವಂತೆಯೇ ಕೇಳಿದಳು.

"ಹೇಳ್ರಿ ಸರ್, ಏನ್ ಆಗ್ಯಾದ?"

"ಏನ್ ಆಗ್ಯಾದ ಅಂತ ನಂಗೂ ತಿಳೀವಲ್ದವ್ವ" ಎಂದೆ.

ಆಕೆ ನಗಲಿಲ್ಲ. ನನ್ನ ಕೈಯನ್ನು ಮೇಜಿನ ಮೇಲೆ ಎಳೆದುಕೊಂಡು ನಾಡಿ ಹಿಡಿದು ನೋಡತೊಡಗಿದಳು.